ಸೊಳ್ಳೆಯ ಮೊಟ್ಟೆಯ ಮೇಲಿನ ಗುಳಿಗಳು

ಕೇಳುಗರೇ, ನಮಸ್ಕಾರ.

ಸಂಜೆ ಹೊತ್ತು ಕಾಲಿಗೆ ಸೊಳ್ಳೆ ಕಚ್ಚುತ್ತದೆ. ಪಟ್ ಅಂತ ಹೊಡೆಯುತ್ತೇವೆ. ಹೊಡೆತ ಬೀಳುವುದು ಜಾಸ್ತಿ ನಮ್ಮ ಕಾಲಿಗೇ, ಅಲ್ವಾ? ಸೊಳ್ಳೆ ರಕ್ತ ಕುಡಿದು ಹಾರಿಹೋಗಿರುತ್ತದೆ. ಆಮೇಲೆ ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ?

ಇದನ್ನು ನೋಡಲು ಕೂತವರು ಅಮೆರಿಕದ ಥಾಮಸ್ ರಾತ್ ಮತ್ತು ಕೀತ್ ಪೋರ್ಟರ್. ಈಡಿಸ್ ಸೊಳ್ಳೆ, ಅಂದರೆ ಡೆಂಗಿ ಹರಡುವ ಅದೇ ಸೊಳ್ಳೆ. ಅದರ ಎಳೆ ಮೊಟ್ಟೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈತುಂಬ ಗುಳಿಗಳು! ಗುಳಿಯಪ್ಪದ ಕಾವಲಿ ಇರುತ್ತದಲ್ಲ, ಹಾಗೆ. ರಕ್ತ ಕುಡಿದ 7 ಗಂಟೆಯೊಳಗೆ ಗುಳಿಗಳು 15 ಪಟ್ಟು ಹೆಚ್ಚಾಗಿದ್ದವು. ಒಂದು ಮೊಟ್ಟೆಗೆ ಸುಮಾರು 3 ಲಕ್ಷ ಗುಳಿ ಅಂತ ಅವರು 1964ರಲ್ಲಿ ಅಂದಾಜು ಕೊಟ್ಟರು. ನಮ್ಮ ರಕ್ತದ ಸಾರದಿಂದ ಸೊಳ್ಳೆಯ ಮೈ ಮೊಟ್ಟೆಗೆ ಬೇಕಾದ ಪ್ರೋಟೀನು ತಯಾರಿಸುತ್ತದೆ. ಅದನ್ನು ಒಳಗೆ ತುಂಬಿಕೊಳ್ಳುವುದು ಈ ಗುಳಿಗಳ ಕೆಲಸ.

ಒಂದು ವ್ಯತ್ಯಾಸ ಇದೆ. ಕಾವಲಿಯ ಗುಳಿಗೆ ಹಿಟ್ಟು ಹುಯ್ದರೆ ಗುಳಿ ಅಲ್ಲೇ ಇರುತ್ತದೆ. ಇಲ್ಲಿ ಗುಳಿಯೇ ಹಿಟ್ಟಿನ ಸಮೇತ ಕಳಚಿಕೊಂಡು ಒಳಗೆ ಹೋಗುತ್ತದೆ, ಪುಟ್ಟ ಚೀಲವಾಗಿ.

ಗುಳಿಗೆ ಒಳಗಡೆಯಿಂದ ಒಂದು ಹೊದಿಕೆ ಇರುತ್ತದೆ. 1975ರಲ್ಲಿ ಕೇಂಬ್ರಿಜ್‌ನ ಬಾರ್ಬರಾ ಪಿಯರ್ಸ್ ಹಂದಿಯ ಮಿದುಳಿನಿಂದ ಇಂಥ ಚೀಲಗಳನ್ನು ಬೇರ್ಪಡಿಸಿದರು. ಹೊದಿಕೆಯ ಪ್ರೋಟೀನಿಗೆ ಕ್ಲಾಥ್ರಿನ್ ಅಂತ ಹೆಸರಿಟ್ಟರು. ಅದರ ಒಂದೊಂದು ತುಣುಕಿಗೂ ಮೂರು ಕಾಲು. ಕಾಲಿಗೆ ಕಾಲು ಹೆಣೆದುಕೊಂಡು ಬುಟ್ಟಿಯಾಗುತ್ತದೆ, ಬುಟ್ಟಿ ದುಂಡಗಾದಂತೆ ಗುಳಿ ಆಳವಾಗುತ್ತದೆ. ಕೊನೆಗೆ ಡೈನಮಿನ್ ಎಂಬ ಇನ್ನೊಂದು ಪ್ರೋಟೀನು ಚೀಲದ ಕುತ್ತಿಗೆಗೆ ಸುತ್ತಿಕೊಂಡು ಬಿಗಿದು ತುಂಡರಿಸುತ್ತದೆ. ಸ್ವಲ್ಪ ಹೊತ್ತಿಗೆ ಬುಟ್ಟಿ ಬಿಚ್ಚಿಹೋಗುತ್ತದೆ. ಅದೇ ತುಣುಕುಗಳು ಮತ್ತೊಂದು ಗುಳಿಗೆ ಬರುತ್ತವೆ. ಏನೂ ದಂಡವಾಗುವುದಿಲ್ಲ.

ನಮ್ಮ ಮೈಯಲ್ಲೂ ಈ ಗುಳಿಗಳಿವೆ. ರಕ್ತದಲ್ಲಿ ಓಡಾಡುವ, ಕೆಟ್ಟದ್ದು ಅಂತ ಹೆಸರಾದ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಜೀವಕೋಶದ ಮೇಲಿನ ಕೊಕ್ಕೆಯಂಥ ಪ್ರೋಟೀನುಗಳು ಹಿಡಿದು ಗುಳಿಗೆ ತರುತ್ತವೆ. ಡಲ್ಲಾಸ್‌ನ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಇದನ್ನು ಬಿಡಿಸಿಟ್ಟರು. 1985ರ ನೊಬೆಲ್ ಅವರಿಗೆ ಬಂತು. ಅವರ ಬಳಿ ಒಬ್ಬ ರೋಗಿಯ ಜೀವಕೋಶಗಳಿದ್ದವು. ಅವುಗಳಲ್ಲಿ ಕೊಕ್ಕೆ ಇತ್ತು, ಕೊಲೆಸ್ಟ್ರಾಲನ್ನು ಸರಿಯಾಗಿಯೇ ಹಿಡಿಯುತ್ತಿತ್ತು. ಆದರೂ ರಕ್ತದಲ್ಲಿ ಕೊಲೆಸ್ಟ್ರಾಲ್ ವಿಪರೀತ. ಕೊಕ್ಕೆ ಅಂದರೆ 839 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಹುಡುಕಿದರೆ, ಆ ಸರದಲ್ಲಿ, ಬಾಲದ ಕಡೆ, ಒಂದೇ ಒಂದು ಮಣಿ ಬದಲಾಗಿತ್ತು. ಅಷ್ಟಕ್ಕೇ ಕೊಕ್ಕೆಗಳಿಗೆ ಗುಳಿಯ ದಾರಿ ತಪ್ಪಿತ್ತು. ಹಿಡಿದದ್ದನ್ನು ಹಿಡಿದುಕೊಂಡೇ ಸುಮ್ನೆ ಹೊರಗೆ ನಿಂತಿದ್ದವು.

ನಮಸ್ಕಾರ.