ಗೋಡೆಗೆ ಅಂಟಿದ ಟೈಲ್ಸ್

ನಮಸ್ಕಾರ. ಹೋದ ವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಮನೆಯಲ್ಲಿ ಅಡುಗೆಮನೆ ಒಡೆದು ಹೊಸದಾಗಿ ಮಾಡಿಸಿದೆವು. ಕೆಲಸ ಶುರುವಾಗಿ ಎರಡು ವಾರ ಆಗಿತ್ತು, ಅಷ್ಟೇ. ರಿಜಿಸ್ಟರ್ಡ್ ಪೋಸ್ಟ್ ಥರದ ಒಂದು ಲಕೋಟೆ ಬಂತು. ಕಳಿಸಿದವರು ಒಂದು ಟೈಲ್ಸ್ ಅಂಗಡಿಯವರು. ಆ ಅಂಗಡಿಯ ಹೆಸರನ್ನೇ ನಾನು ಕೇಳಿರಲಿಲ್ಲ. ಒಳಗೆ ಬರೆದದ್ದು ಇಷ್ಟು: ನಿಮ್ಮ ಮನೆ ಕೆಲಸಕ್ಕೆ ನಾವು ಸಾಮಾನು ಕೊಡುತ್ತಿದ್ದೇವೆ, ನಮಗೆ ದುಡ್ಡು ಬರದಿದ್ದರೆ ನಿಮ್ಮ ಮನೆಯ ಮೇಲೆ ಲೀನ್ ಹಾಕಬಹುದು.

ನನ್ನ ಹೆಂಡತಿ ಓದಿ, "ಇದೇನ್ರೀ, ಟೈಲ್ಸ್ ಹಾಕೋ ಮೊದಲೇ ಬೆದರಿಕೆ?" ಎಂದಳು. ನಾನು ಕಂಟ್ರಾಕ್ಟರ್‌ಗೆ ಫೋನ್ ಮಾಡಿ ರೇಗಾಡಿದೆ. ಅವನು ಸುಮ್ನೆ ನಕ್ಕ. ಇಲ್ಲಿ ಎಲ್ಲರೂ ಕಳಿಸುವ ಕಾಗದವಂತೆ.

ಲೀನ್ ಅಂದರೆ ಏನು? ಊರಲ್ಲಿ ಸೈಟ್ ಕೊಳ್ಳುವಾಗ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ ನೋಡುತ್ತೇವೆ, ಅಲ್ವಾ? ಬ್ಯಾಂಕ್ ಸಾಲ ಇದ್ದರೆ ಅದರಲ್ಲಿ ಕಾಣುತ್ತದೆ. ಹಾಗೆಯೇ ಇಲ್ಲಿ ಟೈಲ್ಸ್ ಅಂಗಡಿಯವನ ಬಾಕಿ ನನ್ನ ಮನೆಯ ದಾಖಲೆಯಲ್ಲಿ ಬಂದು ಕೂರುತ್ತದೆ. ಅದನ್ನು ತೀರಿಸದೆ ಮನೆ ಮಾರುವುದೂ ಕಷ್ಟ, ಸಾಲ ಪಡೆಯುವುದೂ ಕಷ್ಟ. ಕೊನೆಗೆ ಅವನು ಕೋರ್ಟಿಗೆ ಹೋಗಿ ಮನೆಯನ್ನೇ ಹರಾಜಿಗೆ ಹಾಕಿಸಬಹುದು. ಈ ಹಕ್ಕು ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಇದೆ. ಇದು ಹಳೆಯ ಯೋಚನೆ. ವಾಷಿಂಗ್ಟನ್ ನಗರ ಕಟ್ಟಬೇಕಾಗಿದ್ದ ಕಾಲದಲ್ಲಿ, 1791ರಲ್ಲಿ, ಮೇರಿಲ್ಯಾಂಡ್ ಇಂಥ ಮೊದಲ ಕಾನೂನು ಮಾಡಿತು. ಕೂಲಿ ಸಿಗುವ ಭರವಸೆ ಇಲ್ಲದೆ ಕಾಡಿನ ಮಧ್ಯೆ ಊರು ಕಟ್ಟಲು ಯಾರು ಬರುತ್ತಾರೆ ಹೇಳಿ?

ಇದರಲ್ಲಿ ಮನೆಯವನಿಗೆ ಉರಿಯುವ ವಿಷಯ ಒಂದಿದೆ. ನಾನು ಕಂಟ್ರಾಕ್ಟರ್‌ಗೆ ಪೂರ್ತಿ ದುಡ್ಡು ಕೊಟ್ಟಿರುತ್ತೇನೆ. ಅವನು ಅಂಗಡಿಗೆ ಕೊಟ್ಟಿರುವುದಿಲ್ಲ. ಆಗಲೂ ಲೀನ್ ಬೀಳುವುದು ನನ್ನ ಮನೆ ಮೇಲೆ. ಅಂದರೆ ಒಂದೇ ಟೈಲ್ಸ್‌ಗೆ ಎರಡು ಸಲ ದುಡ್ಡು. ಇದು ಅನ್ಯಾಯ ಎಂದು ವಾದಿಸುವ ಗೆಳೆಯರು ನನಗೆ ಬಹಳ ಇದ್ದಾರೆ. ಎಲ್ಲರೂ ಮನೆ ಇರುವವರೇ!

ನಾನೂ ಅವರ ಜೊತೆ ಸೇರುತ್ತಿದ್ದೆನೋ ಏನೋ. ಆದರೆ ನಾನು ತುಮಕೂರಿನ ಸಿಮೆಂಟ್ ಅಂಗಡಿಯವರ ಮಗ. ಅಪ್ಪ ಒಂದು ಕಲ್ಯಾಣ ಮಂಟಪಕ್ಕೆ ಸಿಮೆಂಟು, ಕಬ್ಬಿಣ ಉದ್ದರಿ ಕೊಟ್ಟಿದ್ದರು. ಬಾಕಿ 1,80,000 ರೂಪಾಯಿ. ಕಂಟ್ರಾಕ್ಟರ್ ಊರು ಬಿಟ್ಟ. ಮಂಟಪದ ಮಾಲೀಕರು, "ನಾನು ಅವನಿಗೆ ಪೂರ್ತಿ ಕೊಟ್ಟಿದ್ದೀನಲ್ಲ ಸ್ವಾಮಿ" ಎಂದರು. ನಿಜವೇ ಇರಬಹುದು. ಆಮೇಲೆ ನೆಂಟರ ಮದುವೆಗಳು ಅಲ್ಲೇ ನಡೆದವು. ಊಟಕ್ಕೆ ಕೂತಾಗಲೆಲ್ಲ ಅಪ್ಪ ಆ ಕಂಬಗಳನ್ನೇ ನೋಡುತ್ತಿದ್ದರು. ಹೋಳಿಗೆ ಮೇಲೆ ಗಮನವೇ ಇರುತ್ತಿರಲಿಲ್ಲ.

ಲೀನ್ ಇರುವುದು ಈ ಕಾರಣಕ್ಕೇ. ಟಿವಿಗೆ ದುಡ್ಡು ಕೊಡದಿದ್ದರೆ ಟಿವಿ ಎತ್ತಿಕೊಂಡು ಹೋಗಬಹುದು. ಕಂಬದೊಳಗಿನ ಕಬ್ಬಿಣವನ್ನು ಎಳೆದು ತೆಗೆಯುವುದು ಹೇಗೆ? ಭಾರತದಲ್ಲಿ 1930ರ ಸರಕು ಮಾರಾಟ ಕಾಯ್ದೆಯಲ್ಲೂ ಲೀನ್ ಇದೆ. ಆದರೆ ಸರಕು ಮಾರಿದವನ ಕೈಯಲ್ಲಿ ಇರುವ ತನಕ ಮಾತ್ರ. ಲಾರಿಯಿಂದ ಇಳಿಸಿ ಬಂದರೆ ಮುಗಿಯಿತು. 2006ರ ಎಂಎಸ್‌ಎಂಇ ಕಾಯ್ದೆ ಬಂತು. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಒಳ್ಳೆಯದೇ. ಆದರೆ ಅದು ಸಾಮಾನು ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ಅಪ್ಪನಂಥ ಅಂಗಡಿ ವ್ಯಾಪಾರಿಗೆ ಆ 45 ದಿನದ ರಕ್ಷಣೆ ಇಲ್ಲ. ಮತ್ತೆ ಕಟ್ಟಡದ ಮೇಲಂತೂ ಯಾರಿಗೂ ಹಿಡಿತ ಇಲ್ಲ.

ಸರ್ಕಾರಿ ಕಟ್ಟಡದ ಮೇಲೆ ಅಮೆರಿಕದಲ್ಲೂ ಲೀನ್ ಹಾಕುವ ಹಾಗಿಲ್ಲ. ಅದಕ್ಕೇ 1935ರಲ್ಲಿ ಮಿಲ್ಲರ್ ಆ್ಯಕ್ಟ್ ತಂದರು. ಕೇಂದ್ರ ಸರ್ಕಾರದ ದೊಡ್ಡ ಕೆಲಸ ಹಿಡಿಯುವ ಕಂಟ್ರಾಕ್ಟರ್, ತನ್ನ ಕೆಳಗಿನವರಿಗೆ ದುಡ್ಡು ಕೊಡುತ್ತೇನೆಂದು ಬಾಂಡ್ ಕೊಡಬೇಕು. ನಮ್ಮಲ್ಲಿ ಟೆಂಡರ್ ಹಾಕುವವನು ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟುತ್ತಾನೆ, ಸೆಕ್ಯುರಿಟಿ ಡಿಪಾಸಿಟ್ ಕಟ್ಟುತ್ತಾನೆ. ಎಲ್ಲವೂ ಸರ್ಕಾರದ ಭದ್ರತೆಗೆ. ಜಲ್ಲಿ ಹೊಡೆದ ಲಾರಿಯವನ ಭದ್ರತೆಗೆ ಏನಿದೆ?

ಸರಿ, ಎರಡು ಸಲ ಕೊಡುವ ಭಯಕ್ಕೆ ಬರೋಣ. ನಾನು ವಕೀಲ ಅಲ್ಲ, ಏಟು ತಪ್ಪಿಸಿಕೊಂಡ ಮನೆಯವನು ಅಷ್ಟೇ. ಆ ಕಾಗದ ಬೆದರಿಕೆ ಅಲ್ಲ. ನನ್ನ ದುಡ್ಡು ಯಾರ್‍ಯಾರಿಗೆ ಹೋಗಬೇಕು ಎಂಬ ಪಟ್ಟಿ ಅದು. ಅದನ್ನು ಫೈಲ್‌ನಲ್ಲಿಟ್ಟೆ. ಪ್ರತಿ ಕಂತಿಗೂ ಕಂಟ್ರಾಕ್ಟರ್‌ನಿಂದಲೂ ಅಂಗಡಿಯಿಂದಲೂ ಲೀನ್ ಬಿಟ್ಟುಕೊಟ್ಟ ಪತ್ರ ಕೇಳಿದೆ. ಅದಕ್ಕೆ ಕಾನೂನಿನಲ್ಲೇ ನಾಲ್ಕು ನಮೂನೆಗಳಿವೆ. ಟೈಲ್ಸ್‌ನ ಚೆಕ್ಕನ್ನು ಇಬ್ಬರ ಹೆಸರಿಗೂ ಸೇರಿಸಿ ಬರೆದೆ. ಇಬ್ಬರೂ ಸಹಿ ಹಾಕದೆ ಅದು ನಗದಾಗುವುದಿಲ್ಲ. ಅಷ್ಟು ಮಾಡಲು ನನಗೆ ಹಿಡಿದದ್ದು ಒಂದು ಸಂಜೆ.

ಇದಕ್ಕೆ ಹೋಲಿಸಿದರೆ ಅಂಗಡಿಯವನ ಪಾಡು ನೋಡಿ. ಸಾಮಾನು ಕೊಡಲು ಶುರುಮಾಡಿದ 20 ದಿನದೊಳಗೆ, ನನಗೆ ಬಂದಂಥ ನೋಟಿಸ್ ಕಳಿಸಬೇಕು. ತಡವಾದರೆ ನೋಟಿಸ್‌ನ ಹಿಂದಿನ 20 ದಿನದ ಮಾಲಿಗೆ, ಆಮೇಲೆ ಕೊಟ್ಟ ಮಾಲಿಗೆ ಮಾತ್ರ ಹಕ್ಕು. ಕೆಲಸ ಮುಗಿದ 90 ದಿನದೊಳಗೆ ಕೌಂಟಿ, ಅಂದರೆ ನಮ್ಮ ಜಿಲ್ಲೆ ಥರದ್ದು, ಅದರ ಕಚೇರಿಯಲ್ಲಿ ಲೀನ್ ದಾಖಲಿಸಬೇಕು. ಕೆಲಸ ಮುಗಿದಿದೆ ಎಂದು ನಾನು ಹೊತ್ತಿಗೆ ಸರಿಯಾಗಿ ದಾಖಲಿಸಿದರೆ ಅವನಿಗೆ ಉಳಿಯುವುದು 30 ದಿನ. ಲೀನ್ ಹಾಕಿ ಇನ್ನು 90 ದಿನದಲ್ಲಿ ಕೇಸು ಹೂಡದಿದ್ದರೆ ಅದೂ ಸತ್ತ ಹಾಗೆ. ಹಾಗಿರುವಾಗ "ನೋಟಿಸ್ ಕಳಿಸಿದರೆ ಗಿರಾಕಿ ಮುಖ ಕೆಡುತ್ತೆ" ಎಂದು ಸುಮ್ಮನಿದ್ದವನು ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಇಲ್ಲಿ ಸಣ್ಣ ಪುಟ್ಟ ಕಂಟ್ರಾಕ್ಟ್ ಮಾಡುವ ನಮ್ಮವರಿಗೂ ಇದನ್ನೇ ಹೇಳುತ್ತೇನೆ. ಮೊದಲ ದಿನವೇ ಕಳಿಸಿ. ಬೇಕಾದರೆ ಜೊತೆಗೆ ಒಂದು ಸಿಹಿ ಡಬ್ಬ ಕಳಿಸಿ.

ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಅಲ್ಲ ಕಣೋ, ಅಂಥ ಕಾಗದ ಕಳಿಸಿದರೆ ಗಿರಾಕಿಗೆ ಸಿಟ್ಟು ಬರಲ್ವಾ?"

"ಬಂತಪ್ಪ," ಎಂದೆ. "ಆ ಗಿರಾಕಿ ನಾನೇ."