ಹಂದರಕ್ಕೆ ಬೇಕಾದ ರೇಷ್ಮೆ

ನಮಸ್ಕಾರ. ನನ್ನ ಮುಂದೆ ಎರಡು ರೇಷ್ಮೆಗೂಡುಗಳಿವೆ. ಒಂದು ನಮಗೆಲ್ಲ ಗೊತ್ತಿರುವ ಹಿಪ್ಪುನೇರಳೆ ಹುಳುವಿನದು. ಬೆಳ್ಳಗಿದೆ, ಹಗುರವಾಗಿದೆ, ಒತ್ತಿದರೆ ತುಸು ತಗ್ಗುತ್ತದೆ. ಇನ್ನೊಂದು ಟಸಾರ್ ಎಂಬ ಕಾಡು ರೇಷ್ಮೆಹುಳುವಿನ ಗೂಡು, ಜಾರ್ಖಂಡಿನಿಂದ ಗೆಳೆಯರೊಬ್ಬರು ತಂದುಕೊಟ್ಟದ್ದು. ಬೂದಿ ಬೆರೆತ ಕಂದು ಬಣ್ಣ. ಕೊಂಬೆಗೆ ನೇತಾಡಲು ಹುಳುವೇ ಮಾಡಿಕೊಂಡ ಗಟ್ಟಿ ತೊಟ್ಟು, ತೊಟ್ಟಿನ ತುದಿಗೊಂದು ಉಂಗುರ. ಉಗುರಿನಿಂದ ಒತ್ತಿ ನೋಡಿದೆ, ಒಣಗಿದ ಅಡಿಕೆಯನ್ನು ಒತ್ತಿದ ಹಾಗಾಯಿತು.

ಮೂರು ವರ್ಷಗಳ ಹಿಂದೆ ನನ್ನ ತಂದೆಗೆ ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಯಿತು. ದಾವಣಗೆರೆಯ ಆಸ್ಪತ್ರೆಗೆ ದಿನ ಬಿಟ್ಟು ದಿನ ಕರೆದೊಯ್ಯುತ್ತಿದ್ದೆ. ಪಟ್ಟಿ ಬಿಚ್ಚುವ ಮೊದಲು ಉಪ್ಪುನೀರು ಹಾಕಿ ಎಷ್ಟೇ ನೆನೆಸಿದರೂ, ಬಟ್ಟೆಯ ಜೊತೆ ಹೊಸದಾಗಿ ಮೂಡಿದ್ದ ಎಳೆ ಚರ್ಮವೂ ಕಿತ್ತು ಬರುತ್ತಿತ್ತು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಗಾಯದ ಮೇಲೆ ಹಾಕಿದ್ದನ್ನು ತೆಗೆಯುವುದೇ ಬೇಡ, ಚರ್ಮ ಅದರ ಮೇಲೆಯೇ ಬೆಳೆದು, ಅದು ತಾನಾಗಿ ಕರಗಿ ಹೋಗುವಂತಿದ್ದರೆ ಎಂದು ಆಗ ಎಷ್ಟು ಸಲ ಅನ್ನಿಸಿತೋ. ಅಂಥದ್ದನ್ನು ಮಾಡುವ ಪ್ರಯತ್ನ ನಡೆದಿದೆ, ಅದೂ ರೇಷ್ಮೆಯಿಂದ ಎಂದು ತಿಳಿದದ್ದು ಆಮೇಲೆ.

ನಮ್ಮ ಹಿತ್ತಿಲಿನ ಅವರೆ ಹಂದರವನ್ನು ನೆನೆಸಿಕೊಳ್ಳಿ. ನಯವಾದ ಕಬ್ಬಿಣದ ಕಂಬ ನೆಟ್ಟರೆ ಬಳ್ಳಿ ಜಾರುತ್ತದೆ. ಒರಟು ಕಟ್ಟಿಗೆಯಾದರೆ ಕುಡಿ ಸುತ್ತಿಕೊಂಡು ಮೇಲೇರುತ್ತದೆ. ಜೀವಕೋಶಗಳದ್ದೂ ಅದೇ ಪಾಡು. ಚರ್ಮದ, ಮೂಳೆಯ ಕೋಶಗಳಿಗೆ ಹಿಡಿದು ಕೂರಲು ಜಾಗ ಬೇಕು. ಸಿಗದಿದ್ದರೆ ಬೆಳೆಯುವುದಿಲ್ಲ, ಬಹುಪಾಲು ಸತ್ತೇ ಹೋಗುತ್ತವೆ. ಆ ಹಿಡಿಕೆ ಯಾವುದೆಂದು 1984ರಲ್ಲಿ ವಿಜ್ಞಾನಿಗಳಾದ ಮೈಕೆಲ್ ಪಿಯರ್ಶ್‌ಬಾಕರ್ ಮತ್ತು ಎರ್ಕಿ ರುವೊಸ್ಲಾಹ್ತಿ ತೋರಿಸಿಕೊಟ್ಟರು. ಪ್ರೋಟೀನ್ ಎಂಬ ಸರವನ್ನು ಪೋಣಿಸಿದ ಮಣಿಗಳೇ ಅಮೈನೊ ಆಮ್ಲಗಳು. ಅವುಗಳಲ್ಲಿ ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಇದೇ ಕ್ರಮದಲ್ಲಿ ಅಕ್ಕಪಕ್ಕ ಇದ್ದರೆ ಸಾಕು, ಕೋಶದ ಹೊರಮೈಯಲ್ಲಿರುವ ಇಂಟೆಗ್ರಿನ್ ಎಂಬ ಪ್ರೋಟೀನು ಅಲ್ಲಿ ಕೈ ಹಾಕಿ ಹಿಡಿಯುತ್ತದೆ.

ಹಿಪ್ಪುನೇರಳೆ ರೇಷ್ಮೆಯ ಎಳೆ, ಅಂದರೆ ಫೈಬ್ರಾಯಿನ್, ಇನ್ನೊಂದು ಬಗೆಯದು. ಗ್ಲೈಸಿನ್, ಅಲನಿನ್, ಸೆರಿನ್ ಜಪಮಣಿಯ ಹಾಗೆ ಮತ್ತೆ ಮತ್ತೆ ಬರುತ್ತವೆ. ಎಳೆಗೆ ಬಲವಿದೆ, ಆದರೆ ಆ ಮೂರು ಮಣಿಗಳ ಹಿಡಿಕೆ ಇಲ್ಲ. ಟಸಾರ್ ಮತ್ತು ಅದರ ಬಳಗದ ಹುಳುಗಳ ಫೈಬ್ರಾಯಿನ್‌ನಲ್ಲಿ ಅದು ಹುಟ್ಟಿನಿಂದಲೇ ಇದೆ. ಮತ್ತಿ ಮರದ ಎಲೆ ತಿಂದು ಕಾಡಿನಲ್ಲಿ ಬೆಳೆದ ಹುಳುವಿನ ನೂಲಿನಲ್ಲಿ ನಮ್ಮ ಮೈಯ ಕೋಶಕ್ಕೆ ಬೇಕಾದ ಹಿಡಿಕೆ ಸಿದ್ಧವಾಗಿದೆ! ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆದರೆ ಅದನ್ನು ಪಡೆಯುವುದು ಸುಲಭವಲ್ಲ. ಹಿಪ್ಪುನೇರಳೆ ಗೂಡಾದರೆ ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಸೆರಿಸಿನ್ ಎಂಬ ಅಂಟನ್ನು ಕಳೆದು, ಉಳಿದ ಎಳೆಯನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿಬಿಡಬಹುದು. ಟಸಾರ್ ಎಳೆ ಅದಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಹಾಗಾಗಿ ಐಐಟಿ ಖರಗ್‌ಪುರದಲ್ಲಿ ಎಸ್.ಸಿ. ಕುಂದು ಅವರ ತಂಡ ಗೂಡಿನ ದಾರಿಯನ್ನೇ ಬಿಟ್ಟಿತು. ಹಣ್ಣಾದ, ಅಂದರೆ ಪೂರ್ತಿ ಬೆಳೆದು ನೂಲು ಬಿಡಲು ಸಿದ್ಧವಾದ ಹುಳು ಗೂಡು ಕಟ್ಟುವ ಮೊದಲೇ ಅದರ ರೇಷ್ಮೆ ಗ್ರಂಥಿಯಿಂದ ನೇರವಾಗಿ ಪ್ರೋಟೀನ್ ತೆಗೆಯಿತು. ಆ ದ್ರಾವಣವನ್ನು ಹೆಪ್ಪುಗಟ್ಟಿಸಿ, ಹಿಮವನ್ನು ಆವಿಯಾಗಿಸಿದರೆ ತೂತು ತೂತಾದ ಸ್ಪಂಜು ಉಳಿಯುತ್ತದೆ. ಅದೇ ಕೋಶಗಳ ಹಂದರ. ಅದು ರೋಗಿಯ ಕಾಲಿನವರೆಗೆ ಬರಲು ಇನ್ನೂ ಬಹಳ ಪರೀಕ್ಷೆಗಳನ್ನು ದಾಟಬೇಕು. ನಾಳೆಯೇ ಔಷಧದ ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾನು ಹೇಳಬೇಕೆಂದು ಬಂದದ್ದು ಇಲ್ಲಿಂದ ಮುಂದಿದೆ. ಈ ಕೆಲಸದ ಗುಣಮಟ್ಟ ಅರ್ಧಕ್ಕರ್ಧ ನಿರ್ಧಾರವಾಗುವುದು ಪ್ರಯೋಗಾಲಯದ ಹೊರಗೆ. ಹುಳು ಯಾವ ಎಲೆ ತಿಂದಿತು, ಜ್ವರದಿಂದ, ಅಂದರೆ ಪೊರೆ ಕಳಚುವ ಹೊತ್ತಿನ ನಿದ್ದೆಯಿಂದ, ಸರಿಯಾಗಿ ಎದ್ದಿತೇ, ರೋಗ ತಗುಲಿತ್ತೇ, ಹಣ್ಣಾಗಿದೆಯೇ ಇಲ್ಲವೇ? ಇದನ್ನು ಹೇಳಬಲ್ಲವರು ಹುಳು ಸಾಕುವವರು. ಆದರೂ ಅವರನ್ನು ನಾವು ಕಚ್ಚಾ ಮಾಲು ಕೊಟ್ಟು ಹೋಗುವವರಂತೆ ಕಾಣುತ್ತೇವೆ. ಇದು ತಪ್ಪು.

ನಮ್ಮ ಚಿಕ್ಕಪ್ಪ ಮೊಳಕಾಲ್ಮುರಿನಲ್ಲಿ ಮೂವತ್ತು ವರ್ಷದಿಂದ ರೇಷ್ಮೆಗೆ ಬಣ್ಣ ಹಾಕುವವರು. ಬಣ್ಣಕ್ಕೆ ಮೊದಲು ನೂಲನ್ನು ಸಾಬೂನು, ಸೋಡಾ ಹಾಕಿ ಕುದಿಸಿ ಅಂಟು ತೆಗೆಯಬೇಕು. ಅವರ ಬಳಿ ಗಡಿಯಾರವಿಲ್ಲ. ಕೋಲಿನಿಂದ ಲಡಿಯನ್ನು ಎತ್ತಿ, ಎರಡು ಬೆರಳಿನಲ್ಲಿ ಉಜ್ಜಿ, "ಇನ್ನೂ ಜಾರುತ್ತಿದೆ, ಬಿಡು" ಎನ್ನುತ್ತಾರೆ. ಇನ್ನೊಂದು ಸಲ ಉಜ್ಜಿ ಒಮ್ಮೆಗೇ ಹೊರಗೆಳೆಯುತ್ತಾರೆ. ಕಡಿಮೆ ಕುದಿಸಿದರೆ ಅಂಟು ಉಳಿದು ಬಣ್ಣ ಹತ್ತುವುದಿಲ್ಲ, ಹೆಚ್ಚು ಕುದಿಸಿದರೆ ಎಳೆ ಸತ್ವ ಕಳೆದುಕೊಳ್ಳುತ್ತದೆ. ಪ್ರಯೋಗಾಲಯದವರ ತಲೆನೋವೂ ಇದೇ. ಅಂಟು ಉಳಿದ ಎಳೆಯನ್ನು ದೇಹ ಸಹಿಸದೆ ಕೆರಳಬಹುದು, ಅತಿಯಾಗಿ ಕುದಿಸಿದರೆ ಫೈಬ್ರಾಯಿನ್ ಸರಪಳಿ ತುಂಡು ತುಂಡಾಗುತ್ತದೆ.

ಗೆಳೆಯರು ತಂದಿದ್ದ ಟಸಾರ್ ಗೂಡುಗಳಲ್ಲಿ ಒಂದನ್ನು ಚಿಕ್ಕಪ್ಪನ ಕೈಗಿತ್ತೆ. ತಿರುಗಿಸಿ ತಿರುಗಿಸಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಇದರ ಹುಳು ಏನು ತಿನ್ನುತ್ತದಪ್ಪಾ?"

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಹೊಲದ ಅಂಚಿಗೆ ಹರಳು ಹಾಕುವುದು ಹಳೆಯ ರೂಢಿ. ಹರಳೆಲೆ ತಿನ್ನುವ ಎರಿ ಎಂಬ ಇನ್ನೊಂದು ಬಗೆಯ ರೇಷ್ಮೆಹುಳುವನ್ನು ಮನೆಯೊಳಗೇ ಸಾಕಬಹುದು. ಅದರ ಗೂಡಿನ ಒಂದು ತುದಿ ತೆರೆದೇ ಇರುವುದರಿಂದ ಚಿಟ್ಟೆ ಹಾರಿಹೋದ ಮೇಲೂ ಗೂಡು ಉಪಯೋಗಕ್ಕೆ ಬರುತ್ತದೆ. ಟಸಾರ್ ಹಾಗಲ್ಲ. ಮರದ ಮೇಲೆಯೇ ಬೆಳೆಯಬೇಕು. ಹಕ್ಕಿ, ಇರುವೆ, ಮಳೆ ಎಲ್ಲವೂ ಅದಕ್ಕೆ ಶತ್ರು. ಇದನ್ನು ಕೇಳಿ ಯಾರೂ ಹಿಪ್ಪುನೇರಳೆ ಕೀಳಬೇಡಿ. ಪ್ರಯೋಗಾಲಯಕ್ಕೆ ಬೇಕಾಗುವುದು ಬೊಗಸೆಯಷ್ಟು ಗೂಡು, ಅದನ್ನು ನಂಬಿ ಸಂಸಾರ ನಡೆಯುವುದಿಲ್ಲ.

ನಡೆಯಬೇಕಾದದ್ದು ಬೇರೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ, ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಅಂಥ ಒಂದು ವಾರವನ್ನು ಹುಳು ಸಾಕುವವರಿಗೆ, ಬಣ್ಣದ ಮನೆಯವರಿಗೆ ಏಕೆ ಇಡಬಾರದು? ಕಲಿಸುವುದಕ್ಕೆ ಕರೆದಂತೆಯೇ ಕಲಿಯುವುದಕ್ಕೂ ಕರೆಯಲಿ, ಆ ದಿನಗಳ ಕೂಲಿಯನ್ನೂ ಕೊಡಲಿ. 2002ರ ಜೀವವೈವಿಧ್ಯ ಕಾಯ್ದೆ ಜೈವಿಕ ಸಂಪನ್ಮೂಲದಿಂದ ಬಂದ ಲಾಭದಲ್ಲಿ ನ್ಯಾಯವಾದ ಪಾಲಿನ ಮಾತಾಡುತ್ತದೆ. ಟಸಾರ್ ಸಾಕುತ್ತಾ ಬಂದ ಜಾರ್ಖಂಡ್, ಒಡಿಶಾ, ಛತ್ತೀಸಗಢದ ಆದಿವಾಸಿ ಮನೆಗಳಿಗೆ ಆ ಪಾಲು ಕೊಡುವ ಒಪ್ಪಂದ ಈಗಲೇ ಆಗಬೇಕು. ಪೇಟೆಂಟ್ ಬರೆದಾದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಚಿಕ್ಕಪ್ಪ ಗೂಡನ್ನು ವಾಪಸ್ ಕೊಟ್ಟಿರಲಿಲ್ಲ. ಕುದಿಸಿ ನೋಡುತ್ತೇನೆ ಎಂದು ಇಟ್ಟುಕೊಂಡಿದ್ದರು. ಅರ್ಧ ದಿನ ಕುದಿಸಿದ ಮೇಲೂ ಗಟ್ಟಿಯಾಗಿಯೇ ಇದೆ ಎಂದು ನಿನ್ನೆ ಫೋನ್ ಮಾಡಿದ್ದರು. ಇನ್ನೆರಡು ಗೂಡು ಕಳಿಸು ಎಂದಿದ್ದಾರೆ. ನನ್ನ ಬಳಿ ಉಳಿದಿರುವುದು ಈ ಒಂದೇ. ನಾಳೆ ಬೆಳಗಿನ ಬಸ್ಸಿಗೆ ಇದನ್ನೂ ಕಳಿಸುತ್ತೇನೆ.