ಮೊದಲು ಆಕ್ಸ್‌ಫರ್ಡ್, ಆಮೇಲೆ ಸ್ಟುಡಿಯೋ

ಕೇಳುಗರಿಗೆ ನಮಸ್ಕಾರ.

ಲಂಡನ್ನಿನ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳು ಬೇಸಿಗೆಯಲ್ಲಿ ಬಸ್ಸು ಗೊತ್ತುಮಾಡಿಕೊಂಡು ಒಟ್ಟಾಗಿ ಪ್ರವಾಸ ಹೊರಡುವುದುಂಟು. ಊರಿನಿಂದ ಬಂದ ಅಜ್ಜ ಅಜ್ಜಿಯರು, ರಜೆಯ ಮಕ್ಕಳು, ಬುತ್ತಿಯಲ್ಲಿ ಚಿತ್ರಾನ್ನ. ಮಕ್ಕಳಿಗೆ ಹ್ಯಾರಿ ಪಾಟರ್ ಚಿತ್ರಗಳು ತಯಾರಾದ ಸ್ಟುಡಿಯೋ ಬೇಕು, ಹಿರಿಯರಿಗೆ ಆಕ್ಸ್‌ಫರ್ಡ್ ಬೇಕು. ನಮ್ಮ ತಂಡ ಎರಡನ್ನೂ ನೋಡಿಕೊಂಡು ಬಂದಿತು. ಹಾಗೆ ಹೋಗುವವರಿಗೆ ನನ್ನ ಒತ್ತಾಯವೊಂದೇ: ಆಕ್ಸ್‌ಫರ್ಡನ್ನು ಮೊದಲು ನೋಡಿ.

ಚಿತ್ರದಲ್ಲಿ ಕಾಣುವ ಮಾಯಾಶಾಲೆಯ ಊಟದ ಸಭಾಂಗಣ ಲಂಡನ್ನಿನ ಹತ್ತಿರದ ಲೀವ್ಸ್‌ಡೆನ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್ಟು. ಅದಕ್ಕೆ ಮಾದರಿಯಾದದ್ದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಸಭಾಂಗಣ. ಸೆಟ್ಟನ್ನೇ ಮೊದಲು ನೋಡಿದ ಮಗುವಿಗೆ ಮೂಲ ಚಿಕ್ಕದೆನಿಸಿ ನಿರಾಸೆಯಾಗುತ್ತದೆ. ಮೂಲವನ್ನು ಕಂಡು ಹೋದ ಮಗು ಸೆಟ್ಟು ಕಟ್ಟಿದವರ ಕೈಕೆಲಸವನ್ನು ಗುರುತಿಸುತ್ತದೆ. ಸೆಟ್ಟಿನ ನೆಲಕ್ಕೆ ನಿಜವಾದ ಕಲ್ಲುಚಪ್ಪಡಿಯನ್ನೇ ಹಾಸಿದ್ದಾರೆ. ಈ ಸ್ಟುಡಿಯೋ ಎರಡನೆಯ ಮಹಾಯುದ್ಧದಲ್ಲಿ ವಿಮಾನ ತಯಾರಾಗುತ್ತಿದ್ದ ಕಾರ್ಖಾನೆ. 2012ರಿಂದ ಪ್ರವಾಸಿಗರಿಗೆ ತೆರೆದಿದೆ.

ಆದರೆ ಕ್ರೈಸ್ಟ್ ಚರ್ಚಿನ ಮೆಟ್ಟಿಲುಗಳಲ್ಲಿ ಚಿತ್ರೀಕರಣ ನಡೆದದ್ದು ನಿಜ. 2001ರ ಮೊದಲ ಚಿತ್ರದಲ್ಲಿ ಹೊಸ ವಿದ್ಯಾರ್ಥಿಗಳು ಹತ್ತಿ ಬರುವುದು ಇಲ್ಲೇ. ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಫೋಟೊ ಮುಗಿದ ಮೇಲೆ ಒಮ್ಮೆ ಕತ್ತೆತ್ತಿ ನೋಡಿ. ನಡುವೆ ಒಂದೇ ಒಂದು ತೆಳು ಕಂಬ. ಅದರ ತಲೆಯಿಂದ ಕಲ್ಲಿನ ಎಳೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ಇಡೀ ಚಾವಣಿಯಾಗಿ ಹರಡಿವೆ. 17ನೇ ಶತಮಾನದ ಕಲ್ಲುಕುಟಿಗರ ಕೆಲಸ. ನಮ್ಮ ತಂಡದ ಅಜ್ಜಿಯೊಬ್ಬರು ಆ ಕಂಬದ ಮೇಲೆ ಅಂಗೈ ಇಟ್ಟು, "ಇಷ್ಟು ಭಾರ ಇದೊಂದೇ ಹೊತ್ತಿದೆಯೇ?" ಎಂದು ಕೇಳಿದರು. ಸಭಾಂಗಣದಲ್ಲಿ ವಿದ್ಯಾರ್ಥಿಗಳು ಇಂದಿಗೂ ಊಟ ಮಾಡುತ್ತಾರೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಾಮಾನ್ಯವಾಗಿ ಪ್ರವಾಸಿಗರನ್ನು ಬಿಡುವುದಿಲ್ಲ; ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.

ಅಲ್ಲಿಂದ ಬಾಡ್ಲಿಯನ್ ಗ್ರಂಥಾಲಯಕ್ಕೆ ಕಾಲ್ನಡಿಗೆಯ ದಾರಿ. ಚಿತ್ರದಲ್ಲಿ ಮಾಯಾಶಾಲೆಯ ಆಸ್ಪತ್ರೆಯಾಗಿ ಕಾಣುವ ಡಿವಿನಿಟಿ ಸ್ಕೂಲ್ ಇಲ್ಲಿದೆ. 15ನೇ ಶತಮಾನದಲ್ಲಿ ದೇವಶಾಸ್ತ್ರದ ಪಾಠ ಮತ್ತು ವಾದಗಳಿಗೆಂದು ಕಟ್ಟಿದ ಕೊಠಡಿ ಇದು. ಇದರ ಮೇಲಿನ ಅಂತಸ್ತಿನಲ್ಲಿರುವುದೇ ಚಿತ್ರದ ಗ್ರಂಥಾಲಯ, ಡ್ಯೂಕ್ ಹಂಫ್ರಿ ವಾಚನಾಲಯ. ಒಳಗೆ ಬೆಂಕಿ ತರುವುದಿಲ್ಲ, ಹೊತ್ತಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವರಿಗಷ್ಟೇ ಬಾಡ್ಲಿಯನ್ನಿನ ಓದುಗರ ಚೀಟಿ ಸಿಗುತ್ತದೆ. ಪುಸ್ತಕವನ್ನು ಮನೆಗೆ ಒಯ್ಯುವಂತಿಲ್ಲ. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ದೊರೆ ಒಂದನೇ ಚಾರ್ಲ್ಸ್ ಆಕ್ಸ್‌ಫರ್ಡನ್ನೇ ರಾಜಧಾನಿ ಮಾಡಿಕೊಂಡು ಕ್ರೈಸ್ಟ್ ಚರ್ಚಿನಲ್ಲಿ ಬಿಡಾರ ಹೂಡಿದ್ದ. 1645ರಲ್ಲಿ ಅವನು ಒಂದು ಪುಸ್ತಕ ಕೇಳಿ ಕಳುಹಿಸಿದ. ಗ್ರಂಥಪಾಲಕ ಕೊಡಲಿಲ್ಲ. ನಿಯಮ ತೋರಿಸಿದ; ದೊರೆ ಒಪ್ಪಿಕೊಂಡ. ಈ ಕಥೆಯನ್ನು ಮಕ್ಕಳಿಗೆ ಅದೇ ಕಟ್ಟಡದ ಅಂಗಳದಲ್ಲಿ ನಿಲ್ಲಿಸಿಕೊಂಡು ಹೇಳಬೇಕು. ಯಾವ ಮಾಯಾಮಂತ್ರಕ್ಕಿಂತಲೂ ಇದು ನನಗೆ ದೊಡ್ಡದು.

ನ್ಯೂ ಕಾಲೇಜಿನ ಹಳೆಯ ಮರ, ನಾಲ್ಕನೆಯ ಚಿತ್ರದಲ್ಲಿ ಹುಡುಗನೊಬ್ಬನನ್ನು ಪ್ರಾಣಿಯಾಗಿ ಮಾಡುವ ಜಾಗ, ಮಕ್ಕಳೇ ಹುಡುಕಿಕೊಳ್ಳುತ್ತಾರೆ. ಹಿರಿಯರು ಅಷ್ಟರಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಕಡೆಗೆ ನಡೆಯಬಹುದು. 1823ರಲ್ಲಿ ಆರಂಭವಾದ ಚರ್ಚಾಕೂಟ ಅದು. ಧಾರವಾಡದಲ್ಲಿ ಪದವಿ ಮುಗಿಸಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಇಲ್ಲಿಗೆ ಬಂದ ಗಿರೀಶ ಕಾರ್ನಾಡರು ಅದರ ಅಧ್ಯಕ್ಷರಾಗಿದ್ದರು. ನಾಟಕಕ್ಕೂ ಸಿನಿಮಾಕ್ಕೂ ಸಲ್ಲುವ ನಮ್ಮವರೊಬ್ಬರು ಇಪ್ಪತ್ತರ ಹರೆಯದಲ್ಲಿ ಆ ಬಾಗಿಲಿನಿಂದ ಓಡಾಡಿದ್ದರು ಎಂದರೆ ಮೈ ನವಿರೇಳುತ್ತದೆ. ತಂಡದಲ್ಲಿದ್ದ ಧಾರವಾಡದ ಹಿರಿಯರು ಅಲ್ಲಿಂದ ಕದಲಲು ಒಪ್ಪಲೇ ಇಲ್ಲ.

ಸಂಜೆ ಮರಳಲು ಆತುರಪಡಬೇಡಿ. ಕ್ರೈಸ್ಟ್ ಚರ್ಚಿನ ಟಾಮ್ ಗೋಪುರದ ಗಂಟೆ ಪ್ರತಿ ರಾತ್ರಿ ಒಂಬತ್ತು ಗಂಟೆ ಐದು ನಿಮಿಷಕ್ಕೆ 101 ಸಲ ಬಾರಿಸುತ್ತದೆ. ಹಿಂದೆ ಕಾಲೇಜಿನಲ್ಲಿದ್ದ 101 ವಿದ್ಯಾರ್ಥಿಗಳಿಗೆ ಒಂದೊಂದು ಪೆಟ್ಟು. ಇಂಗ್ಲೆಂಡಿನ ಗಡಿಯಾರಗಳಿಗೆ ಆಧಾರವಾದ ಗ್ರೀನಿಚ್‌ಗಿಂತ ಆಕ್ಸ್‌ಫರ್ಡ್ ಪಶ್ಚಿಮಕ್ಕಿರುವುದರಿಂದ ಅದರ ಸ್ಥಳೀಯ ಸೂರ್ಯಮಾನ ಗ್ರೀನಿಚ್ ಸಮಯಕ್ಕಿಂತ ಐದು ನಿಮಿಷ ಹಿಂದೆ; ಗಂಟೆ ಇಂದಿಗೂ ಆ ಹಳೆಯ ಲೆಕ್ಕದ ಒಂಬತ್ತನ್ನೇ ಪಾಲಿಸುತ್ತದೆ. ಎಣಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿ, ಬಸ್ಸಿನ ಚಾಲಕರಿಗೆ ಒಂಬತ್ತೂವರೆಗೆ ಬರುವಂತೆ ಮೊದಲೇ ಹೇಳಿಡಿ.

ನಮಸ್ಕಾರ.